ನೈರುತ್ಯ ಮೂಲೆಯ ತೂಕ

ಗದ್ವಾಲದ ನರೇಂದರ್‌ಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ, ಮನಸ್ಸಿಗೆ ಬೇಜಾರಾದರೆ ಕನ್ನಡ. ಶುಕ್ರವಾರ ಬೆಳಿಗ್ಗೆ ಅವನು ಫೋನಿನಲ್ಲಿ ಕನ್ನಡದಲ್ಲೇ ಮಾತು ಶುರುಮಾಡಿದ. ಈ ಹಾಡೂ ವಾಪಸ್ ಬಂತು ಎಂದು ಶೈಲಜಾಳಿಗೆ ಅಲ್ಲೇ ಗೊತ್ತಾಯಿತು.

“ಅಕ್ಕಾ, ಬುಗ್ಗಮ್ಮನ ದನಿ ಎದಿಗಿ ನಾಟತೈತಿ, ಅದರಾಗ ಎರಡು ಮಾತಿಲ್ಲ. ಆದ್ರ ಡಪ್ಪು ಎಲ್ಲಿ ಹೋತು? ನನ್ನ ಕಾರಿನಾಗ ಹಾಕಿ ಕೇಳಿದೆ, ಮದುವಿ ಬರಾತಿನ ಡಿಜೆ ಗಾಡ್ಯಾಗ ಹಾಕಿ ಕೇಳಿದೆ. ಬಿಸ್ಕೀಟ್ ಡಬ್ಬಿ ಬಡದಂಗ ಐತಿ.”

“ಇನ್ನೊಂದು ಸಲ ಮಿಕ್ಸ್ ಮಾಡಿ ಕೊಡತೀನಿ, ನರೇಂದರ್.”

“ಇದು ಮೂರನೇ ಹಾಡಕ್ಕಾ. ಸೋಮವಾರದ ತನಕ ದಾರಿ ನೋಡತೀನಿ. ಆಗಲಿಲ್ಲಂದ್ರ ಉಳಿದ ಹತ್ತು ಹಾಡು ಮಹಬೂಬ್‌ನಗರಕ್ಕ ಒಯ್ಯತೀನಿ. ತಪ್ಪು ತಿಳ್ಕೋಬ್ಯಾಡ.”

ತಪ್ಪು ತಿಳಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ನರೇಂದರ್ ಊರೂರು ತಿರುಗಿ ಹಾಡುವ ಹೆಂಗಸರನ್ನು ಹುಡುಕಿ, ಅವರ ಹಾಡು ರೆಕಾರ್ಡ್ ಮಾಡಿಸಿ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕುವವನು. ಮಕ್ತಲದಂಥ ಊರಿನಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ, ಒಬ್ಬ ಹೆಂಗಸು ನಡೆಸುವ ಸ್ಟುಡಿಯೋವನ್ನು ನಂಬಿ ಮೊದಲು ಬಂದವನು ಅವನೇ. ಅವನು ಹೋದರೆ ಬರೀ ಹತ್ತು ಹಾಡು ಹೋಗುವುದಿಲ್ಲ. ಮಕ್ತಲದ ಸ್ಟುಡಿಯೋದಲ್ಲಿ ಡಪ್ಪು ಕೇಳಿಸುವುದಿಲ್ಲ ಎಂಬ ಮಾತು ವಾರದೊಳಗೆ ನಾರಾಯಣಪೇಟೆಯಿಂದ ಗಟ್ಟುವಿನವರೆಗೆ ಓಡಾಡಿಕೊಂಡು ಬರುತ್ತದೆ. ಆಮೇಲೆ ಸ್ಟುಡಿಯೋಗೆ ಬೀಗ ಹಾಕುವುದೊಂದೇ ಉಳಿಯುತ್ತದೆ.

ದೋಷ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಚೆನ್ನಾಗಿಯೇ ಗೊತ್ತಿತ್ತು. ದೋಷ ಕೋಣೆಯ ಮೂಲೆಯಲ್ಲಿ ಹಾಯಾಗಿ ಕೂತಿತ್ತು. ಕಪ್ಪು ಬಣ್ಣದ, ಮೊಣಕಾಲೆತ್ತರದ, ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇಟ್ಟುಕೊಂಡ ಸಬ್‌ವೂಫರ್ ಅದು. ಹಲಗೆಯ ಜಾತಿಯ ಡಪ್ಪು, ಡೋಲಕ್ಕಿನ ಎಡಗೈ, ಬೇಸ್ ಗಿಟಾರು, ಹೀಗೆ ಹಾಡಿನ ತಳದಲ್ಲಿರುವ ದನಿಗಳನ್ನು ಕೇಳಿಸುವುದು ಅದರ ಕೆಲಸ. ಅದನ್ನು ಎರಡು ಗೋಡೆ ಕೂಡುವ ಮೂಲೆಗೆ ತಳ್ಳಿದರೆ ಗೋಡೆಗಳೂ ಅದರ ಜೊತೆ ಸೇರಿಕೊಂಡು ಗದ್ದಲ ಹಾಕುತ್ತವೆ. ಒಂದು ಸ್ವರ ಗೂಳಿ ಗುಟುರು ಹಾಕಿದ ಹಾಗೆ ಬರುತ್ತದೆ, ಅದರ ಪಕ್ಕದ್ದು ಇದ್ದೂ ಇಲ್ಲದ ಹಾಗೆ. ಅಯ್ಯೋ ಇಷ್ಟೊಂದು ಬೇಸ್ ಆಯಿತಲ್ಲ ಎಂದು ಮಿಕ್ಸ್ ಮಾಡುವವರು ಹಾಡಿನಲ್ಲಿ ಅದನ್ನು ಇಳಿಸುತ್ತಾರೆ. ಹೆಚ್ಚಾಗಿದ್ದದ್ದು ಕೋಣೆಯಲ್ಲಿ, ಇಳಿಸಿದ್ದು ಹಾಡಿನಲ್ಲಿ. ಹಾಡು ಕೋಣೆ ಬಿಟ್ಟು ಹೊರಬಿದ್ದಾಗ ಡಪ್ಪುವೇ ಇರುವುದಿಲ್ಲ. ಹೈದರಾಬಾದಿನಲ್ಲಿ ಒಂದು ವರ್ಷ ಸೌಂಡ್ ಕೆಲಸ ಕಲಿತವಳು ಶೈಲಜಾ; ಮೊದಲ ವಾರದಲ್ಲೇ ಇದನ್ನು ಹೇಳಿಕೊಟ್ಟಿದ್ದರು.

ಹಾಗಾದರೆ ಎತ್ತಿ ಈಚೆ ಇಡಬಾರದೇ ಎಂದು ಯಾರಾದರೂ ಕೇಳಿಯಾರು. ಇಡಬಹುದಿತ್ತು, ಅದು ಮನೆಯ ನೈರುತ್ಯ ಮೂಲೆ ಆಗಿರದಿದ್ದರೆ, ಮತ್ತು ಅಲ್ಲಿ ಇಟ್ಟವರು ಅವಳ ಮಾವ ನಾಗಪ್ಪ ಆಗಿರದಿದ್ದರೆ.

ನಾಗಪ್ಪ ಮಕ್ತಲದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಹತ್ತಿ, ತೊಗರಿ, ಶೇಂಗಾ ತೂಗಿದವರು. ಆರು ವರ್ಷದ ಹಿಂದೆ ಮಗ ಕಾಂತೇಶನ ಮದುವೆಗೆಂದು ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಆ ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು ಪಡಸಾಲೆಗೆ ಸಾಗಿಸಿದ್ದರು. ಮದುವೆಯಾಗಿ ಶೈಲಜಾ ಮನೆ ತುಂಬಿದ ಹನ್ನೊಂದನೆಯ ದಿನ ಅತ್ತೆ ಅನ್ನಮ್ಮ ಒಲೆಯ ಮೇಲೆ ಹಾಲಿಟ್ಟವರು ಅಲ್ಲೇ ಕುಸಿದರು. ರಾಯಚೂರಿಗೆ ಒಯ್ಯುವ ದಾರಿಯಲ್ಲಿ, ಕೃಷ್ಣೆಯ ಸೇತುವೆ ದಾಟುವ ಮೊದಲೇ ಜೀವ ಹೋಗಿತ್ತು. ಮೂರನೆಯ ದಿನ, ನೆರೆದ ಮಂದಿಯ ಮುಂದೆ ನಾಗಪ್ಪ ಎದ್ದು ನಿಂತು ಹೇಳಿದರು: “ನೈರುತ್ಯ ಮೂಲಿ ಖಾಲಿ ಮಾಡಿದವ ನಾನು. ಭಾರ ಇರಬೇಕಾದ ಜಾಗ ಖಾಲಿ ಬಿಟ್ಟೆ. ತಪ್ಪು ನಂದು.” ಆವತ್ತಿನಿಂದ ಆ ಮೂಲೆ ಒಂದು ದಿನವೂ ಖಾಲಿ ಬಿದ್ದಿಲ್ಲ. ಮೊದಲು ಜೋಳದ ಚೀಲ ಇದ್ದವು, ಆಮೇಲೆ ಒಡೆದ ಬೀಸುಕಲ್ಲು ಬಂತು.

ಸೊಸೆಗೆ ಸ್ಟುಡಿಯೋ ಬೇಕೆಂದಾಗ ನೆಂಟರಿಷ್ಟರೆಲ್ಲ ಮೂಗು ಮುರಿದರೂ ಆ ಕೋಣೆಯನ್ನು ಖಾಲಿ ಮಾಡಿಕೊಟ್ಟವರು ಇದೇ ನಾಗಪ್ಪ. ಎಂಟು ತಿಂಗಳ ಹಿಂದೆ ಸಬ್‌ವೂಫರ್ ಬಂದಾಗ ಅದನ್ನು ತಾವೇ ಎರಡು ಕೈಯಲ್ಲಿ ಎತ್ತಿ ಒಂದು ಕ್ಷಣ ಹಾಗೇ ಹಿಡಿದು, “ಹದಿನೆಂಟು ಕಿಲೋ. ನೂರಿನ್ನೂರು ಗ್ರಾಂ ಆಚೀಚಿ” ಎಂದಿದ್ದರು. ಪೆಟ್ಟಿಗೆಯ ಮೇಲೆ ಹದಿನೆಂಟೂ ಕಾಲು ಎಂದು ಬರೆದಿತ್ತು. ಬೀಸುಕಲ್ಲನ್ನು ಹಿತ್ತಿಲಿಗೆ ಉರುಳಿಸಿ, ಸಬ್‌ವೂಫರನ್ನು ಮೂಲೆಗೆ ಕೂಡಿಸಿ, ಅದರ ಹಣೆಗೆ ಮೂರು ಎಳೆ ವಿಭೂತಿ ಬಳಿದು ಕಾಯಿ ಒಡೆದು, “ಇನ್ನ ನಂಗ ಫಿಕರ್ ಇಲ್ಲವ್ವಾ” ಎಂದು ನಿಟ್ಟುಸಿರು ಬಿಟ್ಟರು. ಹಾಗೆ ನಿಟ್ಟುಸಿರು ಬಿಟ್ಟ ಮನುಷ್ಯನ ಮುಂದೆ ಗೋಡೆ, ಮೂಲೆ, ಸ್ವರ ಎಂದು ಪಾಠ ಒಪ್ಪಿಸಲು ಯಾವ ಸೊಸೆಗೆ ಬಾಯಿ ಬಂದೀತು? ಶೈಲಜಾ ನುಂಗಿಕೊಂಡಳು.

ಅವಳು ಸುಮ್ಮನಿದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಗಂಡನಿಗೂ ಹೇಳಿರಲಿಲ್ಲ. ತಾನು ಕಾಲಿಟ್ಟು ಹನ್ನೊಂದೇ ದಿನಕ್ಕೆ ಅತ್ತೆ ಹೋದರು ಎಂಬ ಲೆಕ್ಕವನ್ನು ಅವಳೂ ಹಾಕಿದ್ದಳು. ಮಾವ ತಪ್ಪನ್ನು ಮೂಲೆಗೆ ಕಟ್ಟಿದಾಗ ಅವಳಿಗೆ ಒಳಗೊಳಗೇ ಜೀವ ಬಂದಂತಾಗಿತ್ತು, ಜೀವ ಬಂತಲ್ಲ ಎಂದು ನಾಚಿಕೆಯೂ ಆಗಿತ್ತು. ಅಂಥ ಮೂಲೆಯನ್ನು ತನ್ನ ಕೈಯಿಂದಲೇ ಖಾಲಿ ಮಾಡುವುದು ಹೇಗೆ?

ಎಂಟು ತಿಂಗಳು ಅವಳು ಮಾಡದ ಉಪಾಯವಿಲ್ಲ. ಗುಂಡಿ ತಿರುವಿ ದನಿ ಇಳಿಸಿದಳು. ಗುಟುರು ಸಣ್ಣದಾಯಿತು, ಮಾಯವಾದ ಸ್ವರ ಮಾಯವಾಗಿಯೇ ಉಳಿಯಿತು. ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಿದಳು, ತಲೆ ಚಿಟ್ಟು ಹಿಡಿಯಿತು. ಕಾಂತೇಶ ಬಸ್ ಕಂಡಕ್ಟರು, ದಿನಾ ನೂರು ಮಂದಿಯ ಜೊತೆ ಜಗಳ ಆಡಬಲ್ಲವನು. ಅವನನ್ನು ಕೇಳಿದರೆ, “ನೀನ ಹೇಳು ಮಾರಾಯ್ತಿ, ನಾ ಹೇಳಿದ್ರ ಅಪ್ಪ ಅಳತಾನ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ನಡೆದುಬಿಟ್ಟ.

ಶನಿವಾರ ನಾಗಪ್ಪ ನಾರ್ವಕ್ಕೆ ಹೊರಟರು. ತಂಗಿಯ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲು ಕಾರ್ಯ; ಬರುವುದು ಸಂಜೆಗೆ. ಬಸ್ಸು ಹೋದ ಮೇಲೆ ಶೈಲಜಾ ಮೂಲೆಯ ಮುಂದೆ ನಿಂತು ಅತ್ತೆಯ ಫೋಟೋ ಇದ್ದ ಪಡಸಾಲೆಯ ಕಡೆಗೊಮ್ಮೆ ಕೈ ಮುಗಿದಳು. “ಒಂದು ತಾಸು ಅಷ್ಟ. ಮತ್ತ ಅಲ್ಲೇ ಇಡತೀನ್ರೀ” ಎಂದಳು.

ಸಬ್‌ವೂಫರ್ ಎಲ್ಲಿ ಚೆನ್ನಾಗಿ ಕೇಳಿಸುತ್ತದೆ ಎಂದು ಪತ್ತೆ ಹಚ್ಚಲು ಅದನ್ನು ಕೋಣೆಯ ತುಂಬ ಹೊತ್ತು ತಿರುಗಬೇಕಾಗಿಲ್ಲ. ಕೇಳುವವರ ಕುರ್ಚಿಯ ಮೇಲೆ ಸಬ್‌ವೂಫರನ್ನು ಕೂಡಿಸಿ, ಅದು ಇರಬೇಕಾದ ನೆಲದ ಮೇಲೆ ಕೇಳುವವರು ಅಂಬೆಗಾಲಿಡಬೇಕು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕಿವಿಗೆ ಬೀಳುತ್ತವೋ ಅದೇ ಜಾಗ. ಕೇಳಲು ನಗು ಬರುವಂಥ ವಿದ್ಯೆ, ಆದರೆ ಸುಳ್ಳಲ್ಲ. ಶೈಲಜಾ ಗೋಣಿಚೀಲದ ಮೇಲೆ ಎಳೆದು ತಂದು, ಏದುಸಿರು ಬಿಡುತ್ತ ಅದನ್ನು ತನ್ನ ಕುರ್ಚಿಗೇರಿಸಿದಳು. ಕೆಳಗಿನ ಸ್ವರಗಳು ಒಂದೊಂದಾಗಿ ಏರಿ ಇಳಿಯುವ ಹಾಗೆ ಕಂಪ್ಯೂಟರಿನಲ್ಲಿ ಹಾಕಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೈಯಲ್ಲೊಂದು ಸೀಮೆಸುಣ್ಣ ಹಿಡಿದು ನೆಲಕ್ಕಿಳಿದಳು.

ಬಾಗಿಲ ಬಳಿ ದನಿ ಬರೀ ಗಾಳಿ. ಕಿಟಕಿಯ ಕೆಳಗೆ ಎರಡು ಸ್ವರ ಸರಿ, ಮೂರನೆಯದು ಇಲ್ಲ. ಪಡುವಣ ಗೋಡೆಯುದ್ದಕ್ಕೆ ಕಿವಿ ಆನಿಸಿಕೊಂಡು ಹೋಗುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ತೊಟ್ಟಿಲು ಕಾರ್ಯ ಇರುವುದು ಮುಂದಿನ ಶನಿವಾರವಂತೆ. ಅರ್ಧ ದಾರಿಯಲ್ಲಿ ತಂಗಿಯ ಫೋನ್ ಬಂದು, ನಾಗಪ್ಪ ಬಸ್ಸಿಳಿದು ಎದುರಿನ ಬಸ್ಸು ಹತ್ತಿ ಬಂದಿದ್ದರು.

ಕೈಕಾಲು ಊರಿದ್ದ ಶೈಲಜಾ ಹಾಗೇ ಉಳಿದುಬಿಟ್ಟಳು.

“ಏನು ಕಳಕೊಂಡೀ ಮಗಳ? ಮೂಗುಬಟ್ಟೇನು?” ನಾಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. “ಅಂಜಬ್ಯಾಡ, ಎಲ್ಲಿಗಿ ಹೋಗತೈತಿ, ಇಲ್ಲೇ ಎಲ್ಲೋ ಬಿದ್ದಿರತೈತಿ.” ಅವಳು ಬಾಯಿ ತೆರೆಯುವುದರೊಳಗೆ ಧೋತರ ಎತ್ತಿ ಕಟ್ಟಿ, ಮೊಣಕಾಲಿನ ನೋವಿಗೊಂದು ಬೈಗುಳ ಕೊಟ್ಟು, ಅವರೂ ನೆಲಕ್ಕಿಳಿದು ಹುಡುಕಲು ಶುರುಮಾಡಿದರು. ಅರವತ್ತೆಂಟರ ಮಾವ ಒಂದು ಗೋಡೆಗೆ, ಮೂವತ್ತರ ಸೊಸೆ ಇನ್ನೊಂದು ಗೋಡೆಗೆ, ನಡುವೆ ಕುರ್ಚಿಯ ಮೇಲೆ ಯಜಮಾನನಂತೆ ಕೂತು ಗುಂಯ್‌ಗುಡುವ ಸಬ್‌ವೂಫರ್. ಆ ಹೊತ್ತಿನಲ್ಲಿ ಯಾರಾದರೂ ಬಂದಿದ್ದರೆ ಮನೆಗೆ ಗಾಳಿ ಸೋಕಿದೆ ಎಂದೇ ಓಡಿಹೋಗುತ್ತಿದ್ದರು.

ನಾಗಪ್ಪ ಒಂದು ಕಡೆ ತಡೆದು ನಿಂತರು. ಮುಂದೆ ಸರಿದರು, ಮತ್ತೆ ಹಿಂದೆ ಬಂದರು.

“ಇದೇನಿದು! ಇಲ್ಲಿ ಎದಿ ನಡಗತೈತಿ. ಒಂದು ಮೊಳ ಸರದ್ರ ಏನೂ ಇಲ್ಲ. ಬಾಕ್ಸ್ ಒಂದ, ಹಾಡು ಒಂದ, ತೂಕ ಯಾಕ ಬ್ಯಾರೆ?”

ಎಂಟು ತಿಂಗಳು ನುಂಗಿಕೊಂಡದ್ದು ಆ ಒಂದು ಪ್ರಶ್ನೆಗೆ ಹೊರಬಂತು. ಶೈಲಜಾ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಹೇಳಿದಳು. ಮೂಗುಬಟ್ಟು ಮೂಗಿನಲ್ಲೇ ಇದೆ ಎಂದಳು. ಮೂಲೆಯಲ್ಲಿಟ್ಟರೆ ದನಿ ಹೇಗೆ ಸುಳ್ಳು ಹೇಳುತ್ತದೆ, ಮೂರು ಹಾಡು ಹೇಗೆ ವಾಪಸ್ ಬಂದವು, ಸೋಮವಾರಕ್ಕೆ ಏನಾಗುತ್ತದೆ ಎಂದು ಹೇಳಿದಳು. “ಸಂಜಿಗಿ ನೀವು ಬರೋದ್ರಾಗ ಮತ್ತ ಅಲ್ಲೇ ಇಡತಿದ್ದೆ ಮಾವಾರ. ನಿಮ್ಮ ಮನಸ್ಸು ನೋಯಿಸಬೇಕಂತ ಮಾಡಿದ್ದಲ್ಲ.”

ನಾಗಪ್ಪ ಆಗ ಮೂಲೆಯನ್ನು ನೋಡಿದರು. ನೆಲದ ಮೇಲೆ ಸಬ್‌ವೂಫರ್ ಕೂತಿದ್ದ ಜಾಗ ಚೌಕಾಗಿ ಧೂಳಿಲ್ಲದೆ ಕಾಣುತ್ತಿತ್ತು. ಶೈಲಜಾ ಎದ್ದು ಹೋಗಿ ಕಂಪ್ಯೂಟರಿನಲ್ಲಿ ದನಿ ನಿಲ್ಲಿಸಿದಳು.

“ಎಂಟು ತಿಂಗಳು ನನ್ನ ಸಲುವಾಗಿ ಹಾಡು ಕೆಡಿಸಿಕೊಂಡಿಯೇನವ್ವಾ?”

“ನಿಮಗ ಆ ಮೂಲಿ ಮ್ಯಾಲ ಅಷ್ಟು ನಂಬಿಕಿ...”

“ನಂಬಿಕಿ ಎಲ್ಲಿಂದ ತರಲಿ ತಾಯಿ. ಮೂವತ್ತು ವರ್ಷ ತೂಗೀನಿ. ಮಾಲು ಯಾವ ದಿಕ್ಕಿಗಿ ಇಟ್ಟರೂ ತೂಕ ಅಷ್ಟ ಇರತೈತಿ. ಆ ಮೂಲಿ ಕತಿ ನಾ ಹುಟ್ಟಿಸಿದ್ದು.”

ಶೈಲಜಾಳಿಗೆ ಅರ್ಥವಾಗಲಿಲ್ಲ. ನಾಗಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದು ಮಡಚುತ್ತ, ಬಿಚ್ಚುತ್ತ ಹೇಳಿದರು.

“ನಿಮ್ಮ ಅತ್ತೀಗಿ ಎದಿ ಬ್ಯಾನಿ ಎರಡು ವರ್ಷದಿಂದ ಇತ್ತು. ರಾಯಚೂರಾಗ ಡಾಕ್ಟರ್ ಹೇಳಿದ್ದ, ಯಾವಾಗ ಬೇಕಾದ್ರೂ ಆಗಬಹುದು ಅಂತ. ಮಗನ ಮದುವಿ ನೋಡೋ ತನಕ ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ತಗೊಂಡಿದ್ಲು. ಕಾಂತೇಶಗೂ ಗೊತ್ತಿಲ್ಲ. ಆಕಿ ಹೋದ ಮ್ಯಾಲ ಅಂಗಳದಾಗ ಕುಂತ ಹೆಣ್ಮಕ್ಕಳು ನಿನ್ನ ಕಡಿ ನೋಡಾಕ ಹತ್ತಿದ್ರು. ಸೊಸಿ ಕಾಲ್ಗುಣ ನೋಡ್ರೀ ಅಂತ ಎದುರು ಮನಿ ಮೈಲಮ್ಮ ಅಂದಿದ್ದು ನನ್ನ ಕಿವಿಗಿ ಬಿತ್ತು. ನೀ ಒಳಗ ಗ್ವಾಡಿಗಿ ಒರಗಿ ಕುಂತಿದ್ದಿ. ಕೈಯಾಗ ಮದುವಿ ಹಸರ ಬಳಿ ಹಂಗ ಇದ್ವು. ಊಟ ಮಾಡಂದ್ರ ಮಾಡವಲ್ಲಿ. ಈ ಮಾತು ನಿನಗ ಮುಟ್ಟಿದ್ರ ಈ ಹುಡುಗಿ ಬದುಕತಾಳೇನು ಅನಿಸ್ತು ನಂಗ.”

“ಬ್ಯಾನಿ ಇತ್ತಂತ ಹೇಳಬೇಕಿತ್ತಲ್ರೀ...”

“ಹೇಳಿದ್ರ, ಸೊಸೀನ ಉಳಿಸಾಕ ಹೆಣದ ಮ್ಯಾಲ ಸುಳ್ಳು ಹೇಳತಾನ ಅಂತಿದ್ರು. ಡಾಕ್ಟರ್ ಮಾತಿಗಿ ಹತ್ತು ಮಂದಿ ಎದುರು ವಾದ ಮಾಡತಾರ. ವಾಸ್ತು ಅಂದೆ ನೋಡು, ಒಬ್ರೂ ಬಾಯಿ ತಗೀಲಿಲ್ಲ. ಹೌದಪ್ಪ ಹೌದು ಅಂತ ತಲಿ ಹಾಕಿದ್ರು. ಒಂದ್ಸಲ ಹೇಳಿದ ಮ್ಯಾಲ ನಡಸಬೇಕಲ್ಲ? ನಾನ ಆ ಮೂಲಿ ಖಾಲಿ ಬಿಟ್ಟರ, ಇವಗ ನಂಬಿಕಿ ಇಲ್ಲ, ಹಂಗಾದ್ರ ಆಕೀದ ಕಾಲ್ಗುಣ ಅಂತ ಮತ್ತ ಶುರು ಆಗತಿತ್ತು. ಅದಕ್ಕ ಆರು ವರ್ಷ ಭಾರ ಇಟ್ಕೋತ ಬಂದೀನಿ.”

ಅವಳು ಮೂಲೆಯನ್ನು ಮುಟ್ಟಲಿಲ್ಲ, ಮಾವನಿಗೆ ನೋವಾದೀತೆಂದು. ಅವರು ಮೂಲೆಯನ್ನು ಬಿಡಲಿಲ್ಲ, ಸೊಸೆಗೆ ನೋವಾದೀತೆಂದು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಆ ಮೂಲೆಯನ್ನು ಕಾದಿದ್ದರು. ಶೈಲಜಾಳಿಗೆ ಅಳು ಬಂತು, ತಡೆಯಲು ಹೋಗಲಿಲ್ಲ.

“ಹನ್ನೊಂದು ದಿನ ಅಂತ ನಾನೂ ಎಣಿಸಿದ್ದೆ ಮಾವಾರ. ನನ್ನಿಂದ ಆತೇನೋ ಅಂತ.”

ನಾಗಪ್ಪ ಕೂತಲ್ಲಿಂದಲೇ ಜರುಗಿ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. “ಎಣಿಸೋದು, ತೂಗೋದು ನನ್ನ ಕೆಲಸ, ನಿಂದಲ್ಲ. ನೀ ಬಂದಿದ್ದಕ್ಕ ಆಕಿ ಹನ್ನೊಂದು ದಿನ ನಕ್ಕೋತ ಇದ್ಲು. ಅಷ್ಟು ನಕ್ಕಿದ್ದು ನಾ ನೋಡಿದ್ದಿಲ್ಲ. ಏಳು ಈಗ, ಕಣ್ಣು ಒರಸ್ಕೊ. ನಿನ್ನ ಬಾಕ್ಸಿಗಿ ಜಾಗ ಹುಡುಕೂಣು.”

ಇಬ್ಬರೂ ಮತ್ತೆ ಅಂಬೆಗಾಲಿಟ್ಟರು. ಪಡುವಣ ಗೋಡೆಗೆ, ಮೂಲೆಯಿಂದ ಮೂರು ಮೊಳ ಈಚೆ, ಎಲ್ಲ ಸ್ವರಗಳೂ ಒಂದೇ ಸಮನೆ ಬಂದವು. ಮೊದಲು ಹೇಳಿದವರು ನಾಗಪ್ಪ. ಶೈಲಜಾ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದಳು. ಇಬ್ಬರೂ ಸೇರಿ ಸಬ್‌ವೂಫರನ್ನು ಇಳಿಸಿ, ನೆಲ ಅದುರದಂತೆ ನಾಲ್ಕು ಕಾಲಿನ ಕೆಳಗೂ ಹಳೆಯ ಟೈರಿನ ರಬ್ಬರು ತುಂಡು ಕೊಟ್ಟು ಕೂಡಿಸಿದರು. ಬೆನ್ನಿನಲ್ಲೊಂದು ಸಣ್ಣ ಸ್ವಿಚ್ಚಿದೆ. ಮೇಜಿನ ಮೇಲಿನ ಸ್ಪೀಕರುಗಳೂ ಇದೂ ಒಟ್ಟಿಗೆ ತಳ್ಳುತ್ತವೋ, ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೋ ಎಂಬುದು ಅದರ ಮೇಲೆ ನಿಂತಿದೆ. ಶೈಲಜಾ ಮಾವನನ್ನು ತನ್ನ ಕುರ್ಚಿಯಲ್ಲಿ ಕೂಡಿಸಿ ಬುಗ್ಗಮ್ಮನ ಹಾಡು ಹಾಕಿ ಸ್ವಿಚ್ಚನ್ನು ಆಚೆಗೊಮ್ಮೆ ಈಚೆಗೊಮ್ಮೆ ಒತ್ತಿದಳು.

“ಮೊದಲನೇದು ಖರೇ. ಎರಡನೇದು ಪೊಳ್ಳು” ಎಂದರು ನಾಗಪ್ಪ, ಕಣ್ಣು ಮುಚ್ಚಿಕೊಂಡು.

ಇನ್ನು ದನಿಯ ಗುಂಡಿ. ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಹೋದಳು. ನಾಗಪ್ಪನ ಬಲಗೈ ತಕ್ಕಡಿ ಹಿಡಿದಂತೆ ಗಾಳಿಯಲ್ಲಿ ಎದ್ದಿತ್ತು. ಕೈ ಒಂದು ಕಡೆ ನಿಂತಿತು.

“ಸಾಕು. ಮುಳ್ಳು ನಡುವ ಬಂತು.”

ಶೈಲಜಾ ಯಂತ್ರ ಹಿಡಿದು ಅಳೆದು ನೋಡಿದಳು. ತಿದ್ದುವಂಥದ್ದು ಏನೂ ಇರಲಿಲ್ಲ. ಆಮೇಲೆ ಅದೇ ಹಾಡನ್ನು ಮೊದಲಿನಿಂದ ಕೇಳಿದಾಗ, ಎಂಟು ತಿಂಗಳು ತಾನು ಡಪ್ಪುವಿಗೆ ಎಂಥ ಅನ್ಯಾಯ ಮಾಡಿದ್ದೆ ಎಂದು ಗೊತ್ತಾಯಿತು. ಸಂಜೆಯೊಳಗೆ ಹೊಸದಾಗಿ ಮಿಕ್ಸ್ ಮಾಡಿ ಗದ್ವಾಲಕ್ಕೆ ಕಳಿಸಿದಳು. ಡ್ಯೂಟಿ ಮುಗಿಸಿ ಬಂದ ಕಾಂತೇಶನನ್ನು ನಾಗಪ್ಪ ಕಟ್ಟೆಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡು ತಾಯಿಯ ಬೇನೆಯ ವಿಷಯ ಹೇಳಿದರು. ಅವನು ಅತ್ತ. ಅಪ್ಪ ಅಳಲಿಲ್ಲ, ಮಗನ ಬೆನ್ನು ಸವರುತ್ತ ಕೂತರು.

ಭಾನುವಾರ ನರೇಂದರ್ ಕಾರಿನಲ್ಲಿ ಹಾಡು ಹಚ್ಚಿಕೊಂಡೇ ಫೋನ್ ಮಾಡಿದ. ಡಪ್ಪುವಿನ ಗದ್ದಲದಲ್ಲಿ ಅವನ ಮಾತು ಅರ್ಧ ಕೇಳಿಸಲಿಲ್ಲ. ಉಳಿದ ಹತ್ತೂ ಹಾಡು ನಿನ್ನ ಹತ್ರನ ಅಕ್ಕಾ ಎಂಬುದಂತೂ ಕೇಳಿಸಿತು.

ಸೋಮವಾರ ಮುಂಜಾನೆ ಎದುರು ಮನೆಯ ಮೈಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಕಣ್ಣು ಒಳಗೆ ಹೋಯಿತು, ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು.

“ಅಯ್ಯಯ್ಯೋ ನಾಗಪ್ಪಣ್ಣಾ! ನೈರುತ್ಯ ಮೂಲಿ ಖಾಲಿ ಐತಲ್ಲೋ! ಆರು ವರ್ಷದ ಹಿಂದ ಆಗಿದ್ದು ಮರತಿಯೇನು?”

ನಾಗಪ್ಪ ಪೇಪರು ಕೆಳಗಿಟ್ಟರು. ಅವರ ಮುಖ ನೋಡಿದರೆ ಹೊಸದೊಂದು ಕತೆ ಗಂಟಲವರೆಗೆ ಬಂದಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. “ಅದು ಏನಂದ್ರ ಮೈಲವ್ವಾ, ಗುರುಗಳು ಹೇಳ್ಯಾರ, ಈ ವರ್ಷ...”

“ಬ್ಯಾಡ್ರೀ ಮಾವಾರ,” ಎಂದಳು ಶೈಲಜಾ. “ಮೈಲಮ್ಮಕ್ಕಾ, ನಮ್ಮ ಅತ್ತಿಯವರಿಗಿ ಎರಡು ವರ್ಷದಿಂದ ಎದಿ ಬ್ಯಾನಿ ಇತ್ತು. ಡಾಕ್ಟರ್ ಮೊದಲ ಹೇಳಿದ್ರು. ಮಗನ ಮದುವಿ ನೋಡಬೇಕಂತ ಯಾರಿಗೂ ಹೇಳಲಿಲ್ಲ. ಅವರು ಹೋಗಿದ್ದು ಆ ಬ್ಯಾನಿಯಿಂದ. ಮೂಲಿಯಿಂದ ಅಲ್ಲ, ನನ್ನ ಕಾಲ್ಗುಣದಿಂದಲೂ ಅಲ್ಲ.”

ಮೈಲಮ್ಮ ಬಟ್ಟಲು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತಳು. ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದಳು ಶೈಲಜಾ. ಮೈಲಮ್ಮನ ಕಣ್ಣು ತುಂಬಿದ್ದವು.

“ಎರಡು ವರ್ಷ? ದಿನಾ ನನ್ನ ಜೋಡಿ ಕುಂತು ಎಲಿ ಅಡಿಕಿ ಹಾಕ್ಕೋತಿದ್ಲಲ್ಲವ್ವಾ. ನನಗೂ ಹೇಳಲಿಲ್ಲ?” ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಾಲ್ಗುಣ ಅಂತ ಅಂದವಳು ನಾನ. ನೀ ಕೇ‍ಳಿದ್ದಿಯೇನು?”

“ಮಾವಾರು ಕೇಳಗೊಡಲಿಲ್ರೀ” ಎಂದಳು ಶೈಲಜಾ.

ಮೈಲಮ್ಮ ನಾಗಪ್ಪನ ಕಡೆ ನೋಡಿದಳು. ಆರು ವರ್ಷ ಸುಳ್ಳನ್ನು ಒಂದು ಗ್ರಾಂ ಆಚೀಚೆ ಆಗದಂತೆ ಹಿಡಿದುಕೊಂಡು ಬಂದ ಮನುಷ್ಯ ಈಗ ಕೈಯಲ್ಲಿ ಏನೂ ಇಲ್ಲದೆ ಕೂತಿದ್ದರು. ಹೆಂಡತಿಗೆಂದು ಅವರು ಅತ್ತದ್ದನ್ನು ಆ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ತಪ್ಪು ಮೂಲೆಯದು ಎಂದು ಕಾವಲು ಕಾಯುವುದರಲ್ಲೇ ಅವರ ದುಃಖದ ದಿನಗಳು ಕಳೆದುಹೋಗಿದ್ದವು. ಈಗ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಭುಜ ಕುಲುಕಿಸಿ, ಸಣ್ಣ ಮಗುವಿನ ಹಾಗೆ ಅತ್ತರು. ಶೈಲಜಾ ಓಡಿಹೋಗಿ ಅವರ ಪಕ್ಕದಲ್ಲಿ ಕುಳಿತಳು.

“ಆವತ್ತು ಮೊದಲ ಸಲ ಡಾಕ್ಟರಿಗಿ ತೋರಿಸಿ ರಾಯಚೂರಿಂದ ಬರೋ ಮುಂದ,” ಎಂದು ನಾಗಪ್ಪ ಸ್ವಲ್ಪ ಹೊತ್ತಿನ ಮೇಲೆ ಶುರುಮಾಡಿದರು, “ಡಾಕ್ಟರ್ ಹಂಗಂದಾನ, ನನಗ ಕಾಲು ಬರವಲ್ವು. ಆಕಿ ಬಸ್ ಸ್ಟ್ಯಾಂಡಿನಾಗ ಮಿರ್ಚಿ ಭಜಿ ಬೇಕಂತ ಹಟ ಹಿಡದ್ಲು, ಮೈಲವ್ವಾ. ಮೂರು ತಿಂದ್ಲು.”

“ಮೂರ? ಆಕಿ ಐದು ತಿನ್ನಾಕಿ” ಎಂದಳು ಮೈಲಮ್ಮ.

ಶೈಲಜಾ ಎದ್ದು ಚಹಾಕ್ಕೆ ನೀರಿಟ್ಟು, ಒಲೆ ಸಣ್ಣ ಮಾಡಿ, ಒಂದು ಮಾತೂ ತಪ್ಪಬಾರದೆಂದು ಬೇಗ ಬಂದು ಮತ್ತೆ ಅವರ ಹತ್ತಿರ ಕುಳಿತಳು.